ಅರವತ್ತು ಗ್ರಾಂ

ಕ್ವಿರಿಲಾ ಅಂದರೆ ನಮ್ಮ ಜಾರ್ಜಿಯನ್ ಮಾತಿನಲ್ಲಿ ಕೂಗುವವಳು.
ಗಣಿಯ ಮಣ್ಣು ತೊಳೆದೂ ತೊಳೆದೂ ಕಪ್ಪಾದ ಹೊಳೆ,
ಶಾಲೆಯ ಹಿಂದೆಯೇ ಹರಿಯುತ್ತಾಳೆ.
ಕಿಟಕಿ ಮುಚ್ಚದೆ ನನ್ನ ಪಾಠ ಯಾರಿಗೂ ಕೇಳಿಸುವುದಿಲ್ಲ.

ಗುರುವಾರ, ಎಂಟನೇ ತರಗತಿ, ವರದಿ ಬರೆಯುವ ಪಾಠ.
ಕಾರಿಡಾರಿನ ಗೋಡೆಯೇ ಪತ್ರಿಕೆ:
ನಾಲ್ಕು ಹಾಳೆ, ಹಿಟ್ಟಿನ ಅಂಟು,
ಓದುಗರು ನೂರ ಹನ್ನೊಂದು,
ಜವಾನ ವಾನೋನನ್ನು ಸೇರಿಸಿದರೆ.

"ಸತ್ತವರೆಷ್ಟು, ಮೊದಲ ಸಾಲಿನಲ್ಲೇ ಹೇಳಿ.
ಆಕಾಶ ಹೇಗಿತ್ತು ಅಂತ ಆಮೇಲೆ.
ಜಾಗ ಸಾಲದಿದ್ದರೆ ಕತ್ತರಿ ಬಾಲದಿಂದ ಬರುತ್ತದೆ;
ಆಕಾಶ ಹೋದರೆ ಹೋಗಲಿ."
ಗೆದೆವಾನ್ ಕೈಯೆತ್ತಿದ: "ಯಾರೂ ಸಾಯದಿದ್ದರೆ?"
ಒಳ್ಳೆಯ ಪ್ರಶ್ನೆ.
ನಮ್ಮೂರಿನಲ್ಲಿ ವಾರಗಟ್ಟಲೆ ಯಾರೂ ಸಾಯುವುದಿಲ್ಲ,
ಕರೆಂಟು ಹೋಗುತ್ತದೆ, ಬರುತ್ತದೆ, ಅಷ್ಟೆ.

ಅವನ 'ಭೀಕರ', 'ಮನಕಲಕುವ' ಎಲ್ಲ ಹೊಡೆದುಹಾಕಿದೆ.
'ಅಂತೆ'ಗೆ ಸುತ್ತು ಹಾಕಿದೆ.
ಯಾರಂತೆ? ಹೆಸರು ಹೇಳು.
ಹೆಸರಿಲ್ಲದ ಅಂತೆಕಂತೆ ಹೊಳೆಗೆ,
ಅಲ್ಲಿ ಕೂಗುವವಳು ಮೊದಲೇ ಇದ್ದಾಳೆ.
ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು
ಎಂದು ಹಲಗೆಯ ಮೇಲೆ ದಪ್ಪಗೆ ಬರೆದೆ.

ಮೂಲೆಯ ಬೆಂಚಿನ ನುತ್ಸಾ ವರ್ಷವಿಡೀ ಮಾತಾಡಿದ್ದಿಲ್ಲ.
ಅವಳ ಚಿಕ್ಕಮ್ಮನದು ಔಷಧಿ ಅಂಗಡಿ, ಅಲ್ಲಿನ ತಕ್ಕಡಿ;
ಆರು ದಿನ, ಆರು ರೊಟ್ಟಿ,
ಒಲೆಯ ಗೋಡೆಗೆ ಬಡಿದು ಸುಟ್ಟ ದೋಣಿಯಂಥ ರೊಟ್ಟಿ.
"ನಿಲ್ದಾಣದ ಬೀದಿಯಲ್ಲಿ ಮಾರುವ ರೊಟ್ಟಿ
ಬೋರ್ಡಿನಲ್ಲಿ ಬರೆದ ನಾನೂರು ಗ್ರಾಮಿಗಿಂತ
ಸರಾಸರಿ ಅರವತ್ತು ಗ್ರಾಂ ಕಡಿಮೆ ಇದೆ."
ಒಂದು ವಿಶೇಷಣವಿಲ್ಲ. ಒಂದು ಅಂತೆಯಿಲ್ಲ.

ನಿಲ್ದಾಣದ ಬೀದಿಯಲ್ಲಿ ಇರುವುದು ಒಂದೇ ಒಲೆ.
ಶಾಲ್ವಾನದು.
ಶಾಲ್ವಾ ನನ್ನ ತಮ್ಮ.

ಕೆಂಪು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.
ಕಾಗುಣಿತದ ತಪ್ಪು ಹುಡುಕಿದೆ, ಒಂದೂ ಸಿಗಲಿಲ್ಲ.
"ಆ ಕಡೆಯವರನ್ನು ಕೇಳಿದೆಯಾ?" ಅಂದೆ.
ಕಾಲ ತಳ್ಳಲಿಕ್ಕೆ ಆಡಿದ ಮಾತು ಅದು.
ನಿಯಮವೂ ಹೌದು.
"ನಾಳೆ ಕೇಳುತ್ತೇನೆ. ನೀವೂ ಬರ್ತೀರಾ?"

ಸೊಂಟದವರೆಗೆ ಒಲೆಯೊಳಗೆ ಬಗ್ಗಿದ್ದವನು ಎದ್ದ,
ಹುಬ್ಬಿನ ಕೂದಲು ಅರ್ಧ ಸೀದಿದೆ.
ಹುಡುಗಿ ಪುಸ್ತಕ ಬಿಡಿಸಿದಳು: ಹೆಸರು? ವಯಸ್ಸು?
ಅವನು ನನ್ನ ಮುಖ ನೋಡಿದ.
"ಐವತ್ತೆರಡು" ಅಂದೆ ನಾನೇ, ಹಿಟ್ಟಿನ ಚೀಲ ನೋಡುತ್ತ.
"ಹಿಟ್ಟು ತುಟ್ಟಿಯಾಯಿತು ಮಗಳೇ.
ಬೆಲೆ ಏರಿಸಿದರೆ ಬಾಗಿಲಿಗೆ ಬಂದು ಬೈಯುತ್ತಾರೆ,
ತೂಕ ಇಳಿಸಿದರೆ ಕೈಗೆ ತಿಳಿಯುವುದಿಲ್ಲ ಅಂದುಕೊಂಡೆ.
ಇದನ್ನು ಬರೀಬೇಡ."
"ಬರೆದಾಯಿತು" ಅಂದಳು.
ಹೊರಡುವಾಗ ಅವನು ಕೊಟ್ಟ ಬಿಸಿ ರೊಟ್ಟಿಗೆ
ಚಿಲ್ಲರೆ ಎಣಿಸಿ ಕಟ್ಟೆಯ ಮೇಲಿಟ್ಟಳು.
ಅದನ್ನು ನಾನು ಕಲಿಸಿರಲಿಲ್ಲ.

ಸೋಮವಾರ ಹಾಳೆ ಅಂಟಿಸಿದೆವು.
ಅಂಟಿಗೆ ಹಿಟ್ಟು ಅವನ ಅಂಗಡಿಯದೇ.

ಒಂಬತ್ತು ದಿನ ತಮ್ಮ ಫೋನು ಎತ್ತಲಿಲ್ಲ.
ಹತ್ತನೆಯ ದಿನ ಕಾರಿಡಾರಿನಲ್ಲಿ ನಿಂತಿದ್ದ,
ತೋಳಿನ ತುಂಬ ಬಿಳಿ ಪುಡಿ,
ಸಾಲಿನಡಿ ಬೆರಳಿಟ್ಟು, ತುಟಿಯಾಡಿಸುತ್ತ ಓದುತ್ತಿದ್ದ.
ಸ್ಟಾಫ್ ರೂಮಿನ ಬಾಗಿಲ ಸಂದಿಯಲ್ಲಿ ನಾನು.
ಕೊನೆಯ ಸಾಲಿನವರೆಗೂ ಓದಿದ, ಬಾಲವನ್ನೂ.
"ಅಕ್ಕಾ,"
ತಿರುಗದೆಯೇ ಕರೆದ,
"ನನಗೆ ಐವತ್ತೊಂದು.
ಬೇರೆಯವರಿಗೆ ಗೊತ್ತಿಲ್ಲದಿದ್ದರೆ ಹೋಗಲಿ."

ಮುಂದಿನ ಸಂಚಿಕೆಯ ಕೆಳಮೂಲೆಯಲ್ಲಿ, ನುತ್ಸಾಳ ಅಕ್ಷರ:
"ತಿದ್ದುಪಡಿ. ಶಾಲ್ವಾ ಅವರ ವಯಸ್ಸು ಐವತ್ತೊಂದು.
ತಪ್ಪು ಮಾಹಿತಿ ಕೊಟ್ಟವರು ಅವರ ಅಕ್ಕ."
ಕತ್ತರಿಸಲು ಕೈ ಬರಲಿಲ್ಲ.

ಈಗ ರೊಟ್ಟಿ ಎಷ್ಟು ತೂಗುತ್ತದೆ ಟೀಚರ್,
ಗೆದೆವಾನ್ ಕೇಳುತ್ತಾನೆ, ಕಿಟಕಿ ಮುಚ್ಚುತ್ತ.
ತಕ್ಕಡಿ ಇರುವುದು ನುತ್ಸಾಳ ಹತ್ತಿರ.
ನಾನು ಹೇಳಿದರೆ
ಅದು ಬರೀ ಅಂತೆ.